ತಂಪು ಪಾನೀಯದ ಪೂರ್ತಿ ಬಿಲ್: ದೆಹಲಿ, ಮೈಸೂರು ಮತ್ತು ನಮ್ಮ ಆಫೀಸ್ ಫ್ರಿಜ್

ನೋಯ್ಡಾ, ಗುರುಗ್ರಾಮ, ಗಾಜಿಯಾಬಾದ್ ಕಡೆ ಇರೋ ನಮ್ಮ ಐಟಿ ಮಂದಿಗೂ, ನಮಗಿಂತ ಎಷ್ಟೋ ಮೊದಲೇ ದೆಹಲಿಗೆ ಬಂದು ನೆಲೆಸಿರೋ ಹಿರಿಯ ಕನ್ನಡಿಗರಿಗೂ ಸ್ವಾಗತ. ಇವತ್ತಿನ ಮಾತಿನಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ ಇದೆ. ಕೇಳೋದಕ್ಕಿಂತ ನಿಧಾನವಾಗಿ ಓದಿದರೆ ಚೆನ್ನಾಗಿ ಅರ್ಥ ಆಗುತ್ತೆ ಅಂತ ಬರಹದಲ್ಲೂ ಕೊಡ್ತಾ ಇದ್ದೀನಿ.

ಕಳೆದ ವರ್ಷ ಏಪ್ರಿಲ್‌ನಲ್ಲಿ ವಾರ್ಷಿಕ ಹೆಲ್ತ್ ಚೆಕಪ್ ಮಾಡಿಸಿದ್ದೆ. ರಿಪೋರ್ಟ್ ಮೇಲ್‌ನಲ್ಲಿ ಬಂದು ಎರಡು ದಿನ ಆದ್ರೂ ತೆಗೆದು ನೋಡಿರಲಿಲ್ಲ. ನನಗೆ 36 ವರ್ಷ. ಕುಡಿಯಲ್ಲ, ಸೇದಲ್ಲ, ಭಾನುವಾರ ಶಟಲ್ ಆಡ್ತೀನಿ. ನನಗೇನಾಗುತ್ತೆ ಅನ್ನೋ ಧೈರ್ಯ. ತೆಗೆದು ನೋಡಿದ್ರೆ ಎಚ್‌ಬಿಎ1ಸಿ 6.1, ಸ್ಕ್ಯಾನ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್. ಎಚ್‌ಬಿಎ1ಸಿ ಅಂದ್ರೆ ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳೋ ಪರೀಕ್ಷೆ. 5.7ರಿಂದ 6.4ರವರೆಗೆ ಬಂದರೆ ಪ್ರಿಡಯಾಬಿಟೀಸ್, 6.5 ಮುಟ್ಟಿದರೆ ಡಯಾಬಿಟೀಸ್. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಬಂದಿದ್ದು 58ನೇ ವಯಸ್ಸಿಗೆ. ನಾನು ಅದೇ ಬಾಗಿಲಿಗೆ 22 ವರ್ಷ ಮೊದಲೇ ಬಂದು ನಿಂತಿದ್ದೆ.

ಡಾಕ್ಟರಮ್ಮ ರಿಪೋರ್ಟ್ ನೋಡಿ ಅನ್ನದ ಬಗ್ಗೆ ಕೇಳಲಿಲ್ಲ, ಸಿಹಿತಿಂಡಿ ಬಗ್ಗೆ ಕೇಳಲಿಲ್ಲ. "ಠಂಡಾ ಎಷ್ಟು ಕುಡೀತೀರಿ?" ಅಂತ ಕೇಳಿದ್ರು. ನಮ್ಮ ಊರಲ್ಲಿ ಮನೆಗೆ ಬಂದವರಿಗೆ "ಕಾಫಿ ಮಾಡ್ಲಾ, ಟೀ ಮಾಡ್ಲಾ?" ಅಂತೀವಿ. ಇಲ್ಲಿ "ಚಾಯ್ ಯಾ ಠಂಡಾ?" ಅಂತಾರೆ. ಠಂಡಾ ಅಂದ್ರೆ ಬರೀ ತಣ್ಣಗಿರೋದು ಅಂತ ಅಲ್ಲ, ಬಾಟಲಿಯಲ್ಲಿ ಬರೋ ಕೂಲ್ ಡ್ರಿಂಕ್ಸ್ ಅಂತಲೇ ಇಲ್ಲಿ ರೂಢಿ. ನಾನು, "ಜಾಸ್ತಿ ಏನಿಲ್ಲ, ಆಫೀಸಿನ ಫ್ರಿಜ್‌ನಲ್ಲಿ ಫ್ರೀಯಾಗಿ ಇಟ್ಟಿರ್ತಾರೆ, ದಿನಕ್ಕೆ ಒಂದು" ಅಂದೆ. ಅವರು, "ಆ ಒಂದನ್ನ ವರ್ಷಕ್ಕೆ ಲೆಕ್ಕ ಹಾಕಿ ನೋಡಿ" ಅಂತ ಹೇಳಿ ಕಳಿಸಿದ್ರು.

ಲೆಕ್ಕ ಹಾಕಿದೆ. ಕೋಲಾ ಲೇಬಲ್ ಮೇಲೆ 100 ಮಿಲಿಗೆ ಸಕ್ಕರೆ ಸುಮಾರು 10.6 ಗ್ರಾಂ ಅಂತ ಇರುತ್ತೆ. 300 ಮಿಲಿ ಕ್ಯಾನ್ ಅಂದ್ರೆ ಸುಮಾರು 32 ಗ್ರಾಂ, ಅಂದ್ರೆ ಎಂಟು ಟೀ ಚಮಚ. ವಾರಕ್ಕೆ ಐದು ದಿನ, ವರ್ಷಕ್ಕೆ 48 ವಾರ ಅಂದ್ರೆ 240 ಕ್ಯಾನ್. ಒಟ್ಟು 7.6 ಕೇಜಿ ಸಕ್ಕರೆ! ನಮ್ಮ ಮನೆಯಲ್ಲಿ ಟೀಗೆ, ಪಾಯಸಕ್ಕೆ ಎಲ್ಲಾ ಸೇರಿ ತಿಂಗಳಿಗೆ ಒಂದು ಕೇಜಿ ತರ್ತೀವಿ. ಅದಕ್ಕೂ ಹೆಂಡತಿ ಲೆಕ್ಕ ಕೇಳ್ತಾಳೆ. ಈ ಏಳೂವರೆ ಕೇಜಿಗೆ ಯಾರೂ ಲೆಕ್ಕ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಅಲ್ಲಿಂದ ಶುರುವಾಗಿ ಈ ಬಾಟಲಿಯ ಹಿಂದಿನ ಕತೆ ಓದ್ತಾ ಹೋದೆ. ತಮಾಷೆ ಅಂದ್ರೆ ಆ ಕತೆ ಪೂರ್ತಿ ನಡೆದಿರೋದು ನಾವು ಈಗ ಇರೋ ದೆಹಲಿಯಲ್ಲಿ. ಅದರಲ್ಲಿ ಮೈಸೂರು ಎರಡು ಸಲ ಬರುತ್ತೆ.

ಮೈಸೂರಿನ ಫಾರ್ಮುಲಾ, ದೆಹಲಿಯ ಬಾಟಲಿ

1977. ತುರ್ತು ಪರಿಸ್ಥಿತಿ ಮುಗಿದು ಜನತಾ ಸರ್ಕಾರ ಬಂತು. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿ ಆದ್ರು. ವಿದೇಶಿ ವಿನಿಮಯ ಕಾಯ್ದೆ ಪ್ರಕಾರ ವಿದೇಶಿ ಕಂಪನಿಗಳು ತಮ್ಮ ಪಾಲನ್ನ ಶೇ 40ಕ್ಕೆ ಇಳಿಸಬೇಕಿತ್ತು. ಕೋಕಾ-ಕೋಲಾ ಒಪ್ಪಲಿಲ್ಲ, ದೇಶ ಬಿಟ್ಟು ಹೋಯ್ತು. ಆ ಖಾಲಿ ಜಾಗಕ್ಕೆ ಸರ್ಕಾರವೇ ಒಂದು ಕೋಲಾ ತಂತು. ಹೆಸರು ಡಬಲ್ ಸೆವೆನ್, ಅಂದ್ರೆ 77. ತಯಾರಿಸಿ ಮಾರಿದ್ದು ನಾವೆಲ್ಲಾ ಬ್ರೆಡ್‌ನಿಂದ ಗುರುತಿಸೋ, ಆಗ ಸರ್ಕಾರಿ ಕಂಪನಿಯಾಗಿದ್ದ ಮಾಡರ್ನ್. ಅದರ ಫಾರ್ಮುಲಾ ಮಾಡಿಕೊಟ್ಟಿದ್ದು ಮೈಸೂರಿನ ಸಿಎಫ್‌ಟಿಆರ್‌ಐ!

ಡಬಲ್ ಸೆವೆನ್ ಬಹಳ ದಿನ ನಿಲ್ಲಲಿಲ್ಲ. ಥಮ್ಸ್ ಅಪ್, ದೆಹಲಿಯದೇ ಆದ ಕ್ಯಾಂಪಾ ಕೋಲಾ ಮುಂದೆ ಹೋದವು. 1993ರಲ್ಲಿ ಕೋಕಾ-ಕೋಲಾ ವಾಪಸ್ ಬಂದು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲವನ್ನೂ ಕೊಂಡುಕೊಂಡಿತು. ಕ್ಯಾಂಪಾ ಮೂಲೆ ಸೇರಿತು. ಈಗ ರಿಲಯನ್ಸ್ ಕೈಗೆ ಹೋಗಿ 2023ರಲ್ಲಿ ಮತ್ತೆ ಬಂದಿದೆ, 200 ಮಿಲಿಗೆ 10 ರೂಪಾಯಿ ಬೆಲೆಯಲ್ಲಿ.

ಇದನ್ನ ಯಾಕೆ ಹೇಳಿದೆ ಅಂದ್ರೆ, ನಮ್ಮ ದೇಶದಲ್ಲಿ ಕೂಲ್ ಡ್ರಿಂಕ್ಸ್ ಬಗ್ಗೆ ಜಗಳ ಆದಾಗಲೆಲ್ಲಾ ಬಾಟಲಿ ಯಾರದು ಅನ್ನೋದೇ ಮುಖ್ಯ ಪ್ರಶ್ನೆ ಆಗಿದೆ. ಅಮೆರಿಕದ್ದಾ, ನಮ್ಮದಾ? ಒಳಗೇನಿದೆ ಅಂತ ಕೇಳೋಕೆ ಇನ್ನೂ 26 ವರ್ಷ ಬೇಕಾಯ್ತು.

2003: ಬಾಟಲಿಯೊಳಗೆ ನೆಲದ ನೀರು

ದಕ್ಷಿಣ ದೆಹಲಿಯ ತುಘಲಕಾಬಾದ್ ಕಡೆ ಹೋದವರು ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್, ಅಂದ್ರೆ ಸಿಎಸ್‌ಇ ಕಟ್ಟಡ ನೋಡಿರಬಹುದು. 2003ರ ಆಗಸ್ಟ್ 5ರಂದು ಸುನೀತಾ ನಾರಾಯಣ್ ಅವರ ನೇತೃತ್ವದಲ್ಲಿ ಈ ಸಂಸ್ಥೆ ಒಂದು ವರದಿ ಹೊರಗೆ ತಂತು. ದೆಹಲಿ ಸುತ್ತಮುತ್ತ ಮಾರುವ 12 ಬ್ರ್ಯಾಂಡ್ ಪಾನೀಯಗಳನ್ನ ತಮ್ಮ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದ್ರು. ಲಿಂಡೇನ್, ಡಿಡಿಟಿ, ಮ್ಯಾಲಾಥಿಯಾನ್, ಕ್ಲೋರ್‌ಪೈರಿಫಾಸ್, ಈ ನಾಲ್ಕು ಕೀಟನಾಶಕಗಳ ಅಂಶ ಸಿಕ್ಕಿತು. ಪೆಪ್ಸಿ ಬ್ರ್ಯಾಂಡ್‌ಗಳಲ್ಲಿ ಸರಾಸರಿ ಲೀಟರಿಗೆ 18 ಮೈಕ್ರೋಗ್ರಾಂ, ಕೋಕಾ-ಕೋಲಾ ಬ್ರ್ಯಾಂಡ್‌ಗಳಲ್ಲಿ 15. ಯುರೋಪಿನಲ್ಲಿ ಕುಡಿಯುವ ನೀರಿಗೆ ಇದ್ದ ಮಿತಿ ಒಟ್ಟು 0.5 ಮೈಕ್ರೋಗ್ರಾಂ. ಅಂದ್ರೆ 36 ಪಟ್ಟು, 30 ಪಟ್ಟು.

ದೇಶ ಪೂರ್ತಿ ಗಲಾಟೆ. ಸಂಸತ್ತಿನ ಕ್ಯಾಂಟೀನಿನಿಂದಲೇ ಬಾಟಲಿಗಳು ಹೊರಬಿದ್ದವು. ಎರಡೂ ಕಂಪನಿಗಳು ಒಟ್ಟಿಗೆ ಕೂತು ಪತ್ರಿಕಾಗೋಷ್ಠಿ ಮಾಡಿ ವರದಿಯನ್ನ ಅಲ್ಲಗಳೆದವು. ಆಗ ಆರೋಗ್ಯ ಮಂತ್ರಿ ಸುಷ್ಮಾ ಸ್ವರಾಜ್. 1999ರಲ್ಲಿ ಬಳ್ಳಾರಿಯಲ್ಲಿ ಚುನಾವಣೆಗೆ ನಿಂತು ಕನ್ನಡದಲ್ಲೇ ಭಾಷಣ ಮಾಡಿದ್ರಲ್ಲ, ಅವರೇ. ಸರ್ಕಾರ ತಾನೂ ಸ್ಯಾಂಪಲ್ ಪರೀಕ್ಷೆ ಮಾಡಿಸಿತು. ಎಲ್ಲಿಗೆ ಕಳಿಸಿದ್ರು? ಒಂದು ಕೋಲ್ಕತ್ತದ ಲ್ಯಾಬ್, ಇನ್ನೊಂದು ಅದೇ ಮೈಸೂರಿನ ಸಿಎಫ್‌ಟಿಆರ್‌ಐ. ಕೋಲಾಗೆ ಫಾರ್ಮುಲಾ ಬರೆದ ಸಂಸ್ಥೆಯೇ ಈಗ ಕೋಲಾದ ರಕ್ತ ಪರೀಕ್ಷೆ ಮಾಡಬೇಕಾಯ್ತು. ಆ ಪರೀಕ್ಷೆಯಲ್ಲಿ ಅಂಕಿಗಳು ಸಿಎಸ್‌ಇ ಹೇಳಿದ್ದಕ್ಕಿಂತ ಕಡಿಮೆ ಬಂದವು, ಆದರೆ 12ರಲ್ಲಿ 9 ಸ್ಯಾಂಪಲ್ ಯುರೋಪಿನ ಮಿತಿ ದಾಟಿದ್ದವು.

ಜಗಳ ಮುಗಿಯದೆ ಶರದ್ ಪವಾರ್ ಅಧ್ಯಕ್ಷತೆಯಲ್ಲಿ ಜಂಟಿ ಸಂಸದೀಯ ಸಮಿತಿ ಕೂತಿತು. 2004ರ ಫೆಬ್ರವರಿಯಲ್ಲಿ ಸಮಿತಿ, ಕೀಟನಾಶಕ ಇರೋದು ನಿಜ, ಸಿಎಸ್‌ಇ ಹೇಳಿದ್ದು ಸರಿ ಅಂತ ವರದಿ ಕೊಟ್ಟಿತು. 2006ರಲ್ಲಿ ಸಿಎಸ್‌ಇ ಮತ್ತೆ 12 ರಾಜ್ಯಗಳ 25 ಬಾಟ್ಲಿಂಗ್ ಘಟಕಗಳ 57 ಸ್ಯಾಂಪಲ್ ಪರೀಕ್ಷೆ ಮಾಡಿದಾಗಲೂ ಕೀಟನಾಶಕ ಸಿಕ್ಕಿತು. ಕೇರಳ ಕೋಲಾ ನಿಷೇಧಿಸಿತು, ಆರು ವಾರದಲ್ಲಿ ಅಲ್ಲಿನ ಹೈಕೋರ್ಟ್ ಆ ನಿಷೇಧವನ್ನ ತೆಗೆದುಹಾಕಿತು.

ಈ ಕೀಟನಾಶಕ ಬಾಟಲಿಗೆ ಎಲ್ಲಿಂದ ಬಂತು? ಕಂಪನಿಯವರು ಹಾಕಲಿಲ್ಲ. ಬಾಟ್ಲಿಂಗ್ ಘಟಕಗಳು ಬಳಸೋದು ಬೋರ್‌ವೆಲ್ ನೀರು. ಹೊಲಕ್ಕೆ ಹೊಡೆದ ಔಷಧಿ ನೆಲಕ್ಕೆ ಇಳಿದು ಅದೇ ನೀರಿಗೆ ಸೇರಿತ್ತು. ಅಂದ್ರೆ ಬಾಟಲಿ ನಮಗೆ ತೋರಿಸಿದ್ದು ನಮ್ಮ ನೆಲದ ಕೆಳಗಿನ ಸ್ಥಿತಿಯನ್ನ. ಅದೇ ನೀರನ್ನ ಬಾಟಲಿ ಇಲ್ಲದೆ, ಫಿಲ್ಟರ್ ಇಲ್ಲದೆ ಕುಡಿಯೋ ಹಳ್ಳಿಯವರ ಬಗ್ಗೆ ಆ ಗಲಾಟೆಯಲ್ಲಿ ಬಹಳ ಮಾತು ಬರಲಿಲ್ಲ. ಪ್ಯಾಕೇಜ್ ನೀರಿಗೆ ಮಾತ್ರ 2004ರ ಜನವರಿಯಿಂದ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂತು, ಅದು ಒಳ್ಳೆಯದೇ ಆಯ್ತು.

ಮೈಕ್ರೋಗ್ರಾಂ ಹಿಡಿದ್ವಿ, ಗ್ರಾಂ ಬಿಟ್ವಿ

ಈಗ ಇವತ್ತಿನ ಮುಖ್ಯ ಮಾತಿಗೆ ಬರ್ತೀನಿ. 2003ರಲ್ಲಿ ದೇಶ ಪೂರ್ತಿ ಜಗಳ ಆಡಿದ್ದು ಲೀಟರಿಗೆ 15 ಮೈಕ್ರೋಗ್ರಾಂ ಬಗ್ಗೆ. ಅದೇ ಲೀಟರ್‌ನಲ್ಲಿ ಸಕ್ಕರೆ 106 ಗ್ರಾಂ. ಮೈಕ್ರೋಗ್ರಾಂನಲ್ಲಿ ಹೇಳಿದ್ರೆ ಹತ್ತು ಕೋಟಿ 60 ಲಕ್ಷ. ಕೀಟನಾಶಕಕ್ಕಿಂತ ಸುಮಾರು 70 ಲಕ್ಷ ಪಟ್ಟು ಜಾಸ್ತಿ.

ಇಲ್ಲಿ ಒಂದು ಎಚ್ಚರಿಕೆ. ತೂಕ ಹೋಲಿಸಿದ ಮಾತ್ರಕ್ಕೆ ವಿಷ ಹೋಲಿಸಿದ ಹಾಗಾಗಲ್ಲ. ಡಿಡಿಟಿ, ಲಿಂಡೇನ್ ಥರದ್ದು ದೇಹದ ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕೂತಿರುತ್ತವೆ, ಅವು ಕಣದಷ್ಟಿದ್ದರೂ ಬೇಡ. ಹಾಗಾಗಿ ಸಕ್ಕರೆಯನ್ನ ಅದರದೇ ಮಿತಿ ಜೊತೆ ಹೋಲಿಸೋಣ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಪ್ರಕಾರ ನಾವು ಸೇರಿಸಿಕೊಳ್ಳೋ ಸಕ್ಕರೆಯಿಂದ ಬರೋ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10 ದಾಟಬಾರದು, ಶೇ 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ಊಟಕ್ಕೆ ಅದು 50 ಗ್ರಾಂ ಮತ್ತು 25 ಗ್ರಾಂ. ಒಂದು 300 ಮಿಲಿ ಕ್ಯಾನ್ 32 ಗ್ರಾಂ. 750 ಮಿಲಿ ಬಾಟಲಿ 80 ಗ್ರಾಂ, 20 ಚಮಚ. ಬಿರಿಯಾನಿ ಜೊತೆ ಕಾಂಬೋದಲ್ಲಿ ಬರುತ್ತಲ್ಲ, ಅದೇ ಬಾಟಲಿ.

ಮೈಕ್ರೋಗ್ರಾಂ ಕಂಡುಹಿಡಿಯೋಕೆ ದೊಡ್ಡ ಯಂತ್ರ, ಲ್ಯಾಬ್, ಸಂಸದೀಯ ಸಮಿತಿ ಎಲ್ಲಾ ಬೇಕಾಯ್ತು. ಗ್ರಾಂ ಕಂಡುಹಿಡಿಯೋಕೆ ಏನೂ ಬೇಕಿಲ್ಲ, ಬಾಟಲಿ ಹಿಂದೆಯೇ ಅಚ್ಚಾಗಿದೆ. ಕದ್ದುಮುಚ್ಚಿ ಏನೂ ನಡೆದಿಲ್ಲ. ನಾವೇ ಓದಿಲ್ಲ ಅಷ್ಟೆ. ಪ್ರೊಡಕ್ಷನ್‌ನಲ್ಲಿ ಏನೋ ಕೆಟ್ಟಾಗ ಎಲ್ಲೋ ಅಪರೂಪದ ಬಗ್ ಹುಡುಕ್ತಾ ರಾತ್ರಿಯೆಲ್ಲಾ ಕೂತು, ಬೆಳಗ್ಗೆ ನೋಡಿದ್ರೆ ಲಾಗ್‌ನ ಮೊದಲನೇ ಸಾಲಲ್ಲೇ ಎರರ್ ಇರುತ್ತಲ್ಲ, ಅದೇ ಕತೆ.

ದೇಹದೊಳಗೆ ಏನಾಗುತ್ತೆ

ಸಕ್ಕರೆ ಎರಡು ಭಾಗ: ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನ ದೇಹದ ಎಲ್ಲಾ ಜೀವಕೋಶಗಳೂ ಬಳಸಿಕೊಳ್ಳುತ್ತವೆ. ಫ್ರಕ್ಟೋಸ್‌ನ ಬಹುಪಾಲು ಕೆಲಸ ಲಿವರ್ ಮೇಲೆ ಬೀಳುತ್ತೆ. ಒಂದು ಕಿತ್ತಳೆ ತಿಂದರೆ ನಾರಿನ ಜೊತೆ ನಿಧಾನವಾಗಿ ಬರುತ್ತೆ, ಲಿವರ್ ಸಂಭಾಳಿಸಿಕೊಳ್ಳುತ್ತೆ. ಎಂಟು ಚಮಚ ಸಕ್ಕರೆ ಐದು ನಿಮಿಷದಲ್ಲಿ ದ್ರವವಾಗಿ ಬಂದರೆ, ಉಳಿದದ್ದನ್ನ ಲಿವರ್ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತೆ. ಹನಿ ಮದ್ಯ ಮುಟ್ಟದ ನನ್ನಂಥವನಿಗೂ ಫ್ಯಾಟಿ ಲಿವರ್ ಬರೋ ದಾರಿಗಳಲ್ಲಿ ಇದೂ ಒಂದು. ಜೊತೆಗೆ ಕುಡಿದ ಕ್ಯಾಲೊರಿಗೆ ಹೊಟ್ಟೆ ತುಂಬಿದ ಅನುಭವ ಬರಲ್ಲ. ಕ್ಯಾನ್ ಕುಡಿದ್ವಿ ಅಂತ ಮಧ್ಯಾಹ್ನ ಯಾರೂ ಒಂದು ರೋಟಿ ಕಡಿಮೆ ತಿನ್ನಲ್ಲ.

2010ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ ಮಾಡಿದ ವಿಶ್ಲೇಷಣೆಯಲ್ಲಿ, ದಿನಕ್ಕೆ ಒಂದೆರಡು ಸಕ್ಕರೆ ಪಾನೀಯ ಕುಡಿಯೋರಿಗೆ ಟೈಪ್ 2 ಡಯಾಬಿಟೀಸ್ ಅಪಾಯ, ಅಪರೂಪಕ್ಕೆ ಕುಡಿಯೋರಿಗಿಂತ ಶೇ 26 ಹೆಚ್ಚು ಅಂತ ಕಂಡಿತು. ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ 2025ರಲ್ಲಿ ಬಂದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಒಂದು ವರ್ಷಕ್ಕೆ 22 ಲಕ್ಷ ಹೊಸ ಡಯಾಬಿಟೀಸ್ ಪ್ರಕರಣಗಳಿಗೆ ಈ ಪಾನೀಯಗಳು ಕಾರಣ. ಐಸಿಎಂಆರ್‌ನ 2023ರ ಅಧ್ಯಯನ ಹೇಳೋ ಹಾಗೆ ನಮ್ಮ ದೇಶದಲ್ಲಿ 10.1 ಕೋಟಿ ಡಯಾಬಿಟೀಸ್ ಇರೋರು, ಇನ್ನು 13.6 ಕೋಟಿ ನನ್ನ ಹಾಗೆ ಬಾಗಿಲಲ್ಲಿ ನಿಂತಿರೋರು. ಇದಕ್ಕೆಲ್ಲಾ ಕೋಲಾ ಒಂದೇ ಕಾರಣ ಅಲ್ಲ. ನಮ್ಮ ಅನ್ನ, ನಮ್ಮ ಕುರ್ಚಿ, ನಮ್ಮ ವಂಶ ಎಲ್ಲಾ ಸೇರಿದೆ. ಆದರೆ ನೋಡೋಕೆ ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂಡಿಕೊಳ್ಳೋ ದಕ್ಷಿಣ ಏಷ್ಯಾದ ದೇಹಕ್ಕೆ ಈ ಎಂಟು ಚಮಚ ಯಾವ ಉಪಕಾರವನ್ನೂ ಮಾಡಲ್ಲ.

ಇನ್ನು ಹಲ್ಲು. ಕೋಲಾದ ಪಿಎಚ್ ಸುಮಾರು 2.5. ಹಲ್ಲಿನ ಎನಾಮೆಲ್ 5.5ಕ್ಕಿಂತ ಕೆಳಗೆ ಇಳಿದರೆ ಕರಗೋಕೆ ಶುರು. ಪಿಎಚ್ ಲಾಗ್ ಸ್ಕೇಲ್ ಅಲ್ವಾ, ಮೂರು ಅಂಕಿ ವ್ಯತ್ಯಾಸ ಅಂದ್ರೆ ಸಾವಿರ ಪಟ್ಟು ಆಮ್ಲ. ಎಂಜಲು ಅದನ್ನ ಸರಿ ಮಾಡ್ತಾ ಹೋಗುತ್ತೆ, ಆದರೆ ಅದಕ್ಕೆ ಸಮಯ ಬೇಕು. ನಾವೇನು ಮಾಡ್ತೀವಿ? ಒಂದು ಗಂಟೆ ಕಾಲ್‌ನಲ್ಲಿ ಕೂತು ಗುಟುಕು ಗುಟುಕಾಗಿ ಕುಡೀತೀವಿ. ಪ್ರತಿ ಗುಟುಕಿಗೂ ಎಂಜಲಿನ ಕೆಲಸ ಮತ್ತೆ ಮೊದಲಿಂದ.

ರಾತ್ರಿ ಪಾಳಿಯವರಿಗೆ ಎನರ್ಜಿ ಡ್ರಿಂಕ್ ಬಗ್ಗೆ ಒಂದು ಮಾತು. ಇದಕ್ಕೆ ಎಫ್‌ಎಸ್‌ಎಸ್‌ಎಐ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಬಿಡುತ್ತೆ. ಅಂದ್ರೆ 250 ಮಿಲಿ ಬಾಟಲಿಯಲ್ಲಿ 75 ಮಿಲಿಗ್ರಾಂವರೆಗೆ ಇರಬಹುದು. ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದರೆ ಬೆಳಗಿನ ಜಾವ ಮೂರಕ್ಕೂ ಅರ್ಧ ರಕ್ತದಲ್ಲಿರುತ್ತೆ. ನಿದ್ದೆ ಸರಿಯಾಗಲ್ಲ, ಮರುದಿನ ಮತ್ತೊಂದು ಬೇಕಾಗುತ್ತೆ.

"ನಾನು ಡಯಟ್ ಕುಡೀತೀನಿ" ಅನ್ನೋರಿಗೆ: ಸಕ್ಕರೆ ಇಲ್ಲ ಅನ್ನೋದು ನಿಜ, ಆಮ್ಲ ಅದರಲ್ಲೂ ಇದೆ. 2023ರ ಜುಲೈನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ, ಆಸ್ಪರ್ಟೇಮನ್ನ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿತು. ಹೆದರೋ ಮಟ್ಟದ ಸುದ್ದಿ ಅಲ್ಲ, ಪುರಾವೆ ಕಡಿಮೆ ಇರೋ ಗುಂಪು ಅದು. ದಿನಕ್ಕೆ ದೇಹದ ತೂಕದ ಪ್ರತಿ ಕೇಜಿಗೆ 40 ಮಿಲಿಗ್ರಾಂ ಅನ್ನೋ ಹಳೇ ಮಿತಿಯೇ ಮುಂದುವರಿದಿದೆ. ಆದರೆ ಅದೇ ವರ್ಷ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸೋಕೆ ಅಂತ ಇಂಥ ಸಿಹಿಕಾರಕ ಬಳಸಬೇಡಿ, ದೀರ್ಘಕಾಲದಲ್ಲಿ ಪ್ರಯೋಜನ ಕಾಣ್ತಿಲ್ಲ ಅಂತ ಹೇಳಿದೆ.

ನೀರಿನ ಬಿಲ್

ದೇಹದ ಲೆಕ್ಕ ಆಯ್ತು. ನೆಲದ ಲೆಕ್ಕಕ್ಕೆ ಬಹಳ ದೂರ ಹೋಗೋದು ಬೇಡ. 2022ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ನಮ್ಮದೇ ಗ್ರೇಟರ್ ನೋಯ್ಡಾ ಮತ್ತು ಸಾಹಿಬಾಬಾದ್‌ನ ಮೂರು ಬಾಟ್ಲಿಂಗ್ ಘಟಕಗಳಿಗೆ ಒಟ್ಟು ಸುಮಾರು 25 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟೋಕೆ ಹೇಳಿತು. ಎರಡು ಘಟಕ ಕೋಕಾ-ಕೋಲಾಗೆ ಬಾಟ್ಲಿಂಗ್ ಮಾಡೋ ಮೂನ್ ಬೆವರೇಜಸ್‌ದು, ಒಂದು ಪೆಪ್ಸಿಗೆ ಮಾಡೋ ವರುಣ್ ಬೆವರೇಜಸ್‌ದು. ಅನುಮತಿ ಇಲ್ಲದ ಅವಧಿಯಲ್ಲಿ ಅಂತರ್ಜಲ ಎತ್ತಿದ್ದು, ನೆಲಕ್ಕೆ ನೀರು ವಾಪಸ್ ಇಂಗಿಸೋ ಷರತ್ತು ಪಾಲಿಸದೇ ಇದ್ದದ್ದು ಆರೋಪ. ಕಂಪನಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ನ್ಯಾಯಾಲಯದ ವಿಷಯ ನ್ಯಾಯಾಲಯಕ್ಕೇ ಬಿಡೋಣ. ಪ್ರತಿ ಬೇಸಿಗೆಯಲ್ಲೂ ಸೊಸೈಟಿಯ ವಾಟ್ಸಾಪ್ ಗ್ರೂಪ್‌ನಲ್ಲಿ ಟ್ಯಾಂಕರ್ ಬಗ್ಗೆ ಜಗಳ ಆಡೋ ನಾವು, ಅದೇ ನೆಲದ ನೀರು ಬಾಟಲಿಯಾಗಿ ನಮ್ಮ ಫ್ರಿಜ್‌ಗೆ ಬರ್ತಿದೆ ಅನ್ನೋದನ್ನ ಯೋಚಿಸಿರಲಿಲ್ಲ.

ಜೈಪುರದ ಹತ್ತಿರದ ಕಾಲಾಡೇರಾ ಇನ್ನೊಂದು ಉದಾಹರಣೆ. ಅಲ್ಲಿ ಕೋಕಾ-ಕೋಲಾ ಘಟಕ ಇತ್ತು, ಅಂತರ್ಜಲ ಮೊದಲೇ ಪಾತಾಳ ಸೇರಿತ್ತು. ದೆಹಲಿಯ ಟೆರಿ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯಲ್ಲಿ, ಬೇರೆ ಕಡೆಯಿಂದ ನೀರು ತನ್ನಿ, ಇಲ್ಲಾ ಜಾಗ ಬದಲಿಸಿ ಅಥವಾ ಮುಚ್ಚಿ ಅನ್ನೋ ಆಯ್ಕೆಗಳನ್ನ ಮುಂದಿಟ್ಟಿತು. ಘಟಕ ಕೊನೆಗೆ ನಿಂತಿದ್ದು 2016ರಲ್ಲಿ. ಕೇರಳದ ಪ್ಲಾಚಿಮಾಡ ಅಂತೂ ನಿಮಗೆಲ್ಲಾ ಗೊತ್ತು. ಹಳ್ಳಿಯವರ ಹೋರಾಟದ ನಂತರ 2004ರಲ್ಲಿ ಅಲ್ಲಿನ ಘಟಕ ನಿಂತಿತು.

ಆದರೆ ಕಾರ್ಖಾನೆಯ ಬೋರ್‌ವೆಲ್ ನೀರು ಈ ಲೆಕ್ಕದಲ್ಲಿ ಚಿಕ್ಕ ಭಾಗ. ದೊಡ್ಡ ಭಾಗ ಕಬ್ಬಿನ ಗದ್ದೆಯಲ್ಲಿದೆ. ಜಾಗತಿಕ ಸರಾಸರಿ ಪ್ರಕಾರ ಒಂದು ಕೇಜಿ ಕಬ್ಬಿನ ಸಕ್ಕರೆಗೆ ಮಳೆ ನೀರು, ನೀರಾವರಿ ಎಲ್ಲಾ ಸೇರಿ ಸುಮಾರು 1,780 ಲೀಟರ್ ನೀರು ಬೇಕು. ನನ್ನ ಒಂದು ಕ್ಯಾನ್‌ನ ಸಕ್ಕರೆಗೆ 57 ಲೀಟರ್. ವರ್ಷದ 7.6 ಕೇಜಿಗೆ 13,500 ಲೀಟರ್! ಬೆಂಗಳೂರಲ್ಲಿ 2024ರ ಬೇಸಿಗೆಯಲ್ಲಿ ಜನ ಬೇಡಿಕೊಂಡು ತರಿಸಿದ 12,000 ಲೀಟರ್ ಟ್ಯಾಂಕರ್ ಇದೆಯಲ್ಲ, ಅದಕ್ಕಿಂತ ಜಾಸ್ತಿ. ಆ ನೀರು ಇಲ್ಲಿ ಮೀರತ್, ಮುಜಫರ್‌ನಗರದ ಗದ್ದೆಯದಿರಬಹುದು, ನಮ್ಮ ಕಡೆ ಮಂಡ್ಯ, ಬೆಳಗಾವಿಯದಿರಬಹುದು. ಕಾವೇರಿ ವಿಷಯ ಬಂದಾಗ ಹನಿ ಹನಿಗೂ ಲೆಕ್ಕ ಹಾಕೋ ನಾವು ಈ ಲೆಕ್ಕವನ್ನ ಯಾವತ್ತೂ ಹಾಕಿಲ್ಲ.

ಖಾಲಿ ಬಾಟಲಿ ಎಲ್ಲಿ ಹೋಗುತ್ತೆ

ನಮ್ಮ ಬಾಲ್ಯದಲ್ಲಿ ಅಂಗಡಿ ಮುಂದೆ ನಿಂತು ಕುಡಿದು ಗಾಜಿನ ಬಾಟಲಿ ಅಲ್ಲೇ ಕ್ರೇಟ್‌ಗೆ ಇಡ್ತಿದ್ವಿ. ಮನೆಗೆ ಒಯ್ಯಬೇಕಾದ್ರೆ ಡೆಪಾಸಿಟ್. ಬಾಟಲಿ ಕಂಪನಿಗೆ ವಾಪಸ್ ಹೋಗಿ ತೊಳೆದು ಮತ್ತೆ ಬರ್ತಿತ್ತು. ಖಾಲಿ ಬಾಟಲಿಯ ಜವಾಬ್ದಾರಿ ಕಂಪನಿಯದೇ. ಪೆಟ್ ಬಾಟಲಿ ಬಂದಮೇಲೆ ಆ ಜವಾಬ್ದಾರಿ ಪುರಸಭೆಗೆ, ಕಬಾಡಿವಾಲಾನಿಗೆ, ಚಿಂದಿ ಆಯುವವರಿಗೆ ವರ್ಗಾವಣೆ ಆಯ್ತು.

ನಿಜ ಹೇಳಬೇಕಂದ್ರೆ, ಪ್ಲಾಸ್ಟಿಕ್‌ಗಳಲ್ಲಿ ಪೆಟ್ ಬಾಟಲಿಗೆ ಬೆಲೆ ಇದೆ, ಹಾಗಾಗಿ ಚಿಪ್ಸ್ ಕವರ್‌ಗಿಂತ ಹೆಚ್ಚು ವಾಪಸ್ ಬರುತ್ತೆ. ಅದನ್ನ ಹೆಕ್ಕಿ ತರೋರು ಗಾಜೀಪುರದಂಥ ಕಸದ ಗುಡ್ಡದ ಹೊಗೆಯಲ್ಲಿ ಕೈಗವಸೂ ಇಲ್ಲದೆ ಕೆಲಸ ಮಾಡೋರು. ಹಾಗೆ ಬಂದ ಬಾಟಲಿಯಲ್ಲೂ ಬಹಳಷ್ಟು ಮತ್ತೆ ಬಾಟಲಿ ಆಗಲ್ಲ, ಪಾಲಿಯೆಸ್ಟರ್ ದಾರ ಆಗುತ್ತೆ. ಬಟ್ಟೆ ಹರಿದ ಮೇಲೆ ಅದು ಕಸವೇ. ಸರ್ಕಾರದ ನಿಯಮದ ಪ್ರಕಾರ 2025-26ರಲ್ಲಿ ಇಂಥ ಗಟ್ಟಿ ಪ್ಯಾಕಿಂಗ್‌ನಲ್ಲಿ ಶೇ 30 ಮರುಬಳಕೆಯ ಪ್ಲಾಸ್ಟಿಕ್ ಇರಬೇಕಿತ್ತು. ಒಳ್ಳೇ ಹೆಜ್ಜೆ. ಆದರೆ 84 ದೇಶಗಳಲ್ಲಿ ಸ್ವಯಂಸೇವಕರು ಹೆಕ್ಕಿದ ಬ್ರ್ಯಾಂಡ್ ಹೆಸರಿರೋ ಪ್ಲಾಸ್ಟಿಕ್ ಕಸದಲ್ಲಿ ಶೇ 11 ಕೋಕಾ-ಕೋಲಾ ಒಂದರದೇ ಅಂತ 2024ರಲ್ಲಿ ಸೈನ್ಸ್ ಅಡ್ವಾನ್ಸಸ್‌ನಲ್ಲಿ ಬಂದ ಅಧ್ಯಯನ ಹೇಳಿದೆ. ಹೆಜ್ಜೆ ಇನ್ನೂ ಎಷ್ಟು ದೂರ ಹೋಗಬೇಕು ಅನ್ನೋದು ಅದರಲ್ಲೇ ಗೊತ್ತಾಗುತ್ತೆ.

ತೆರಿಗೆ ಗ್ಯಾಸ್‌ಗೆ, ಸಕ್ಕರೆಗಲ್ಲ

"ಇದರ ಮೇಲೆ ಶೇ 40 ಜಿಎಸ್‌ಟಿ ಇದೆಯಲ್ಲ, ಸರ್ಕಾರ ತನ್ನ ಕೆಲಸ ಮಾಡಿದೆ" ಅಂತ ನೀವು ಕೇಳಬಹುದು. ಇದೆ. 2025ರ ಸೆಪ್ಟೆಂಬರ್ 22ರ ಮೊದಲು 28ರ ಮೇಲೆ 12 ಸೆಸ್, ಈಗ ನೇರವಾಗಿ 40. ಆದರೆ ಆ ತೆರಿಗೆ ಸಕ್ಕರೆ ಎಷ್ಟಿದೆ ಅಂತ ಕೇಳಲ್ಲ. ಸಕ್ಕರೆ ಇಲ್ಲದ ಡಯಟ್ ಕೋಲಾಗೂ 40, ಎಂಟು ಚಮಚದ ಕ್ಯಾನ್‌ಗೂ 40. ಇನ್ನೊಂದು ಕಡೆ ಗ್ಯಾಸ್ ಇಲ್ಲದ ಹಣ್ಣಿನ ರಸದ ಪಾನೀಯಕ್ಕೆ, ಅಂದ್ರೆ ಮಕ್ಕಳು ಕೇಳೋ ಮಾವಿನ ಡ್ರಿಂಕ್‌ಗೆ, ಶೇ 5. ಅದರ ಹಿಂದಿನ ಲೇಬಲ್ ಒಮ್ಮೆ ಓದಿ, ಕೋಲಾ ಜೊತೆ ಹೋಲಿಸಿ. ಹಣ್ಣಿನ ಚಿತ್ರ ನೋಡಿ ಮೋಸಹೋದದ್ದು ನಾನೊಬ್ಬನೇ ಅಲ್ಲ ಅಂತ ಸಮಾಧಾನ ಆಗುತ್ತೆ.

ಬ್ರಿಟನ್ 2018ರ ಏಪ್ರಿಲ್‌ನಲ್ಲಿ ಬೇರೆ ರೀತಿ ಮಾಡಿತು. 100 ಮಿಲಿಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ತೆರಿಗೆ ಇಲ್ಲ, 5 ದಾಟಿದರೆ ಒಂದು ದರ, 8 ದಾಟಿದರೆ ಇನ್ನೂ ಹೆಚ್ಚು. ಏನಾಯ್ತು? ತೆರಿಗೆ ಜಾರಿಗೆ ಬರೋ ಮೊದಲೇ ಎಷ್ಟೋ ಕಂಪನಿಗಳು ಸಕ್ಕರೆ ಇಳಿಸಿದವು. ಅಲ್ಲಿನ ಫ್ಯಾಂಟಾ 5 ಗ್ರಾಂನೊಳಗೆ ಬಂತು. ಲಂಡನ್‌ನಲ್ಲಿ ಆನ್‌ಸೈಟ್ ಇರೋ ಗೆಳೆಯರಿದ್ದರೆ ಫೋಟೋ ಕಳಿಸೋಕೆ ಹೇಳಿ, ನಿಮ್ಮ ಕೈಯಲ್ಲಿರೋ ಬಾಟಲಿ ಜೊತೆ ಇಟ್ಟು ನೋಡಿ. ನಿಯಮ ಸರಿಯಾಗಿ ಬರೆದರೆ ಅದೇ ಕಂಪನಿ ಬೇರೆ ಥರ ಮಾಡಬಲ್ಲದು ಅನ್ನೋದಕ್ಕೆ ಇದು ಸಾಕ್ಷಿ.

ನಾನೇನು ಮಾಡಿದೆ

ಯಾರಿಗೂ ಉಪದೇಶ ಮಾಡೋ ಯೋಗ್ಯತೆ ನನಗಿಲ್ಲ. ನೋಯ್ಡಾದ 45 ಡಿಗ್ರಿ ಬಿಸಿಲಲ್ಲಿ ಮೆಟ್ರೋ ಇಳಿದು ಹದಿನೈದು ನಿಮಿಷ ನಡೆದು ಬಂದವನಿಗೆ ತಣ್ಣನೆ ಕ್ಯಾನ್ ಕೊಡೋ ಸುಖ ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಮಾಡಿದ್ದನ್ನಷ್ಟೇ ಹೇಳ್ತೀನಿ.

ಮೊದಲು, ಬಾಯಾರಿಕೆಯನ್ನೂ ಆಸೆಯನ್ನೂ ಬೇರೆ ಮಾಡಿದೆ. ಬಾಯಾರಿಕೆಗೆ ನೀರು, ಇಲ್ಲಾ ಮಜ್ಜಿಗೆ. ಇಂಗು, ಕರಿಬೇವು, ಶುಂಠಿ ಹಾಕಿದ ನೀರು ಮಜ್ಜಿಗೆ ಬಾಟಲಿಯಲ್ಲಿ ಆಫೀಸಿಗೆ ಒಯ್ತೀನಿ. ಉತ್ತರದ ಗೆಳೆಯರೂ ಈಗ ಪಾಲು ಕೇಳ್ತಾರೆ. ಹೊರಗಡೆ ಆದ್ರೆ ಜಲ್‌ಜೀರಾ, ಇಲ್ಲಾ ಉಪ್ಪು ಹಾಕಿದ ಶಿಕಂಜಿ. "ಚೀನಿ ಮತ್ ಡಾಲ್ನಾ ಭೈಯಾ" ಅಂತ ಮೊದಲೇ ಹೇಳಬೇಕು, ಇಲ್ಲದಿದ್ರೆ ಅದರಲ್ಲೂ ನಾಲ್ಕು ಚಮಚ ಬೀಳುತ್ತೆ. ನಮ್ಮ ಪಾನಕವೂ ಅಷ್ಟೇ, ಬೆಲ್ಲ ಹಾಕಿದ ಮಾತ್ರಕ್ಕೆ ಲಿವರ್ ಮೋಸ ಹೋಗಲ್ಲ. ರಾಮನವಮಿಗೆ ಒಂದು ಲೋಟ ಸಾಕು.

ಆಸೆಗೆ, ತಿಂಗಳಿಗೆ ಒಂದು. ಸಿಕ್ಕರೆ ಗಾಜಿನ ಬಾಟಲಿ, ಅಂಗಡಿ ಮುಂದೆಯೇ ನಿಂತು ಕುಡಿದು ವಾಪಸ್ ಕೊಡೋದು. ಮೂರನೆಯದು, ನಮ್ಮ ತಂಡದವರು ಸೇರಿ ಆಫೀಸಿನ ಅಡ್ಮಿನ್‌ಗೆ ಒಂದು ಮೇಲ್ ಹಾಕಿದ್ವಿ. ಕ್ಯಾನ್ ತೆಗೀರಿ ಅಂತ ಕೇಳಲಿಲ್ಲ. ಫ್ರಿಜ್‌ನ ಮೇಲಿನ ಎರಡು ಅರೆಯಲ್ಲಿ ಮಸಾಲೆ ಮಜ್ಜಿಗೆ ಇಡಿ, ಕ್ಯಾನ್ ಕೆಳಗಿಡಿ ಅಂತ ಕೇಳಿದ್ವಿ. ಒಪ್ಪಿದ್ರು. ಕೈಗೆ ಸುಲಭವಾಗಿ ಸಿಗೋದನ್ನೇ ಜನ ತಗೋತಾರೆ, ಅಷ್ಟೇ ವಿಜ್ಞಾನ.

ಆರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿದೆ. 5.8. ಇನ್ನೂ ಪ್ರಿಡಯಾಬಿಟೀಸ್ ಗಡಿಯೊಳಗೇ ಇದ್ದೀನಿ, ಆದರೆ ದಿಕ್ಕು ಬದಲಾಗಿದೆ. ಇದು ಕೋಲಾ ಬಿಟ್ಟಿದ್ದಕ್ಕೇ ಅಂತ ನಾನು ಆಣೆ ಮಾಡಿ ಹೇಳಲ್ಲ. ಆ ಆರು ತಿಂಗಳು ದಿನಾ ರಾತ್ರಿ ಅರ್ಧ ಗಂಟೆ ನಡೆದಿದ್ದೀನಿ ಕೂಡ. ಎರಡು ವೇರಿಯಬಲ್ ಒಟ್ಟಿಗೆ ಬದಲಾಯಿಸಿ ಒಂದಕ್ಕೇ ಶ್ರೇಯ ಕೊಟ್ಟರೆ ನನ್ನ ಎಂಟೆಕ್ ಗೈಡ್ ಬೈತಾರೆ.

ಇವತ್ತು ಒಂದೇ ಕೆಲಸ ಮಾಡಿ. ಮನೆಯಲ್ಲಿರೋ ಯಾವುದಾದರೂ ಒಂದು ಬಾಟಲಿ ತಿರುಗಿಸಿ, 100 ಮಿಲಿಗೆ ಸಕ್ಕರೆ ಎಷ್ಟು ಅಂತ ನೋಡಿ, ಬಾಟಲಿ ಅಳತೆಗೆ ಗುಣಿಸಿ, ನಾಲ್ಕರಿಂದ ಭಾಗಿಸಿ. ಬರೋದು ಚಮಚದ ಲೆಕ್ಕ. ಮಕ್ಕಳಿದ್ದರೆ ಅವರ ಕೈಯಲ್ಲೇ ಅಷ್ಟು ಚಮಚ ಸಕ್ಕರೆ ಒಂದು ಖಾಲಿ ಲೋಟಕ್ಕೆ ಹಾಕಿಸಿ. ನಮ್ಮ ಮಗನಿಗೆ ಐದು ವರ್ಷ, ಕೋಲಾಗೆ "ಅಪ್ಪನ ಜ್ಯೂಸ್" ಅಂತಿದ್ದ. ಎಂಟು ಚಮಚ ಹಾಕಿ ಲೋಟ ನೋಡಿದ. "ಇಷ್ಟೂ ನೀನು ತಿಂತಿದ್ಯಾ ಅಪ್ಪಾ?" ಅಂದ. ಆಮೇಲೆ ಆ ಜ್ಯೂಸ್ ಕೇಳಿಲ್ಲ.

ಮುಂದಿನ ಸಲ ನಮ್ಮೆಲ್ಲರ ಅಡುಗೆಮನೆಯಲ್ಲಿರೋ ಆರ್‌ಒ ಫಿಲ್ಟರ್ ಎಷ್ಟು ನೀರು ಚೆಲ್ಲುತ್ತೆ ಅನ್ನೋ ಲೆಕ್ಕ ಮಾಡೋಣ. ಅಲ್ಲಿವರೆಗೆ ಬಿಸಿಲಲ್ಲಿ ಹುಷಾರು, ಬೇಕಾದಷ್ಟು ನೀರು ಕುಡೀರಿ.